ತೊಮಿಯೆಯ ಪಕ್ಕದ ಜಾಗ

ತೊಮಿಯೆ ಇವಾಶಿತಳನ್ನು ಮೊದಲ ಸಲ ನೋಡಿದ ದಿನ ನಾವಿಬ್ಬರೂ ಒಬ್ಬರಿಗೊಬ್ಬರು ಮಣ್ಣಿನ ಹೆಂಟೆ ಎಸೆದುಕೊಂಡೆವು. ಜಗಳಕ್ಕೆ ಕಾರಣ ಒಂದು ಹಸು.

ಆಗ ಇಬ್ಬರಿಗೂ ಏಳು ವರ್ಷ. ಸಾನ್ ತೆಲ್ಮೊ ಊರಿನಾಚೆ, ರೈಲು ಹಳಿ ದಾಟಿ ಸಮುದ್ರದ ಕಡೆಗೆ ಹೋದರೆ, ಇವಾಶಿತರು ಗುತ್ತಿಗೆಗೆ ಮಾಡುತ್ತಿದ್ದ ಮೆಣಸಿನಕಾಯಿ ಹೊಲ ಸಿಗುತ್ತಿತ್ತು. ಕೊಯ್ಲು ಬಂತೆಂದರೆ ನನ್ನ ಅಪ್ಪ ಅಲ್ಲಿ ಕೆಲಸಕ್ಕೆ ಹೋಗುತ್ತಿದ್ದರು. ಆವತ್ತು ನಾನು ಅಪ್ಪನಿಗೆ ರೊಟ್ಟಿ, ಹುರುಳಿಕಾಳಿನ ಪಲ್ಯ ಬಟ್ಟೆಯಲ್ಲಿ ಕಟ್ಟಿಕೊಂಡು ಹೊರಟಿದ್ದೆ. ಪಕ್ಕದ ಡೈರಿಯ ಹಸುವೊಂದು ಬೇಲಿ ಮುರಿದು ಬಂದು, ಹಣ್ಣು ಮೆಣಸಿನಕಾಯಿ ಒಣಹಾಕಿದ್ದ ಮರದ ತಟ್ಟೆಗಳ ಕಡೆಗೆ ನಿಧಾನವಾಗಿ ನಡೆಯುತ್ತಿತ್ತು. ಆ ತಟ್ಟೆಗಳ ನಡುವೆ ನನ್ನಷ್ಟೇ ಎತ್ತರದ ಹುಡುಗಿಯೊಬ್ಬಳು ಬೆನ್ನು ಮಾಡಿಕೊಂಡು ಕುಕ್ಕರುಗಾಲಲ್ಲಿ ಕೂತು ಕಾಯಿ ಮಗುಚುತ್ತಿದ್ದಳು.

ಮೆಕ್ಸಿಕೋದಿಂದ ಬಂದ ನಮ್ಮ ಸ್ಪ್ಯಾನಿಷಿನಲ್ಲಿ ಹಸುವಿಗೆ ಬಾಕಾ ಅನ್ನುತ್ತಾರೆ. ಆ ಹುಡುಗಿಗೆ ಗೊತ್ತಾಗಲಿ ಎಂದು ನಾನು ರಸ್ತೆಯಿಂದಲೇ ಗಂಟಲು ಹರಿಯುವ ಹಾಗೆ ಕೂಗಿದೆ: "ಬಾಕಾ! ಬಾಕಾ!"

ಅವಳು ತಿರುಗಿದಳು. ಮುಖ ಮೆಣಸಿನಕಾಯಿಯ ಬಣ್ಣಕ್ಕೆ ಬಂದಿತ್ತು. "ನೀನೇ ಬಾಕಾ!" ಎಂದಳು. ನನ್ನನ್ನು ಹಸು ಅಂದಳಲ್ಲ ಎಂದು ನನಗೂ ಸಿಟ್ಟು ಬಂತು. ಮೊದಲ ಹೆಂಟೆ ಯಾರದು ಎಂಬ ಬಗ್ಗೆ ಐವತ್ತು ವರ್ಷವಾದರೂ ನಮ್ಮಿಬ್ಬರಲ್ಲಿ ಒಪ್ಪಂದವಾಗಲಿಲ್ಲ. ನಾವು ಹೊಡೆದಾಡುತ್ತಿರುವಾಗ ಹಸು ತಟ್ಟೆಯ ಮೇಲೆ ಕಾಲಿಟ್ಟಿತು, ಖಾರದ ಘಾಟಿಗೆ ಒಂದೇ ಸಮ ಸೀನತೊಡಗಿತು. ಒಳಗಿನಿಂದ ಅವಳ ಅಜ್ಜಿ ಪೊರಕೆ ಹಿಡಿದು ಬಂದಳು. ಹಸುವಿಗೆ ಎರಡು ಬಿಟ್ಟು, ನಮ್ಮಿಬ್ಬರ ಕಡೆಗೆ ಪೊರಕೆ ತೋರಿಸಿ, "ಬಾಕಾ! ಬಾಕಾ! ಬಾಕಾ!" ಎಂದಳು. ಮನೆಯಲ್ಲಿ ಈ ಮುದುಕಿಯೊಬ್ಬಳಿಗಾದರೂ ಸರಿಯಾಗಿ ಸ್ಪ್ಯಾನಿಷ್ ಬರುತ್ತದಲ್ಲ ಎಂದು ನನಗೆ ಸಮಾಧಾನವಾಯಿತು.

ಹೊಲದಿಂದ ಓಡಿಬಂದ ಅಪ್ಪ ಹೊಟ್ಟೆ ಹಿಡಿದುಕೊಂಡು ನಗಾಡಿದರು. "ಕುಕಾ, ಅವರ ಜಪಾನಿ ಮಾತಲ್ಲಿ ಬಾಕಾ ಅಂದ್ರೆ ಪೆದ್ದಿ ಅಂತ ಕಣೇ. ನೀನು ದಾರೀಲಿ ನಿಂತು ಅವರ ಮನೆ ಹುಡುಗೀನ ಪೆದ್ದಿ ಪೆದ್ದಿ ಅಂತ ಕೂಗಿದ್ದೀಯ!"

ನನ್ನ ಹೆಸರು ರೆಫುಹಿಯೊ ಬರ್ರಗಾನ್. ಆ ಹೆಸರಿನವರನ್ನೆಲ್ಲ ನಮ್ಮಲ್ಲಿ ಕುಕಾ ಎಂದೇ ಕರೆಯುವುದು.

ಅಜ್ಜಿ ನಮ್ಮಿಬ್ಬರ ಕೈ ತೊಳೆಸಿ, ಮೆಟ್ಟಿಲ ಮೇಲೆ ಕೂರಿಸಿ, ಒಂದೊಂದು ತುಂಡು ಬ್ರೆಡ್ ಕೊಟ್ಟು, "ಪಾನ್" ಎಂದಳು. ನಮ್ಮಲ್ಲೂ ಬ್ರೆಡ್ಡಿಗೆ ಪಾನ್ ಅಂತಲೇ ಹೆಸರು. ನಾನು "ಪಾನ್" ಎಂದೆ. ತೊಮಿಯೆಯೂ "ಪಾನ್" ಎಂದಳು. ಇಷ್ಟು ಹೊತ್ತು ಹೊಡೆದಾಡಿದವರು ಅದೊಂದು ಮಾತನ್ನೇ ಹೇಳಿ ಹೇಳಿ ನಕ್ಕೆವು. ತಿಂದಾದ ಮೇಲೆ ಅವಳು ಬಾಯಿ ಒರೆಸಿಕೊಂಡು ಇಂಗ್ಲಿಷಿನಲ್ಲಿ ಕೇಳಿದಳು, "ಸೋಮವಾರ ಬಸ್ಸಲ್ಲಿ ನನ್ನ ಪಕ್ಕ ಕೂರ್ತೀಯಾ? ಶಾಲೇಲೂ ನನ್ನ ಪಕ್ಕದ ಜಾಗ ಖಾಲಿ ಇದೆ."

ನಾನು ಆಗಲಿ ಎಂದುಬಿಟ್ಟೆ. ಆ ಮಾತು ನಡೆಸುವುದು ಎಷ್ಟು ಕಷ್ಟ ಎಂದು ಇಬ್ಬರಿಗೂ ಗೊತ್ತಿರಲಿಲ್ಲ.

ಊರಿನಲ್ಲಿ ಎರಡು ಶಾಲೆಗಳಿದ್ದವು. ಊರ ನಡುವೆ ಹಸಿರು ಹುಲ್ಲಿನ ಹಿಂದೆ ಬಿಳಿಯರ ಇಟ್ಟಿಗೆಯ ಶಾಲೆ. ರೈಲು ಹಳಿಯ ಪಕ್ಕ, ದನದ ದೊಡ್ಡಿಯ ಬೆನ್ನಿಗೆ, ನಮ್ಮ ಮೆಕ್ಸಿಕನ್ನರ ಮರದ ಶಾಲೆ. ಜಪಾನಿ ಮಕ್ಕಳು ಊರಿನಲ್ಲಿದ್ದದ್ದೇ ಒಂದು ಕೈಬೆರಳಿನಷ್ಟು. ಅವರಿಗೊಂದು ಬೇರೆ ಶಾಲೆ ಕಟ್ಟುವುದು ದಂಡವೆಂದು ಇಟ್ಟಿಗೆಯ ಶಾಲೆಗೇ ಸೇರಿಸಿಕೊಂಡಿದ್ದರು. ನಾವು ಮೂರು ಬೀದಿ ತುಂಬ ಇದ್ದೆವು. ಹಳದಿ ಬಸ್ಸು ಇವಾಶಿತರ ಹೊಲದ ಮುಂದೆ ನಿಂತು ತೊಮಿಯೆಯನ್ನು ಹತ್ತಿಸಿಕೊಂಡು, ರಸ್ತೆ ಬದಿಯಲ್ಲಿ ನಡೆಯುತ್ತಿದ್ದ ನಮ್ಮ ಮೇಲೆ ಧೂಳೆಬ್ಬಿಸಿ ಹೋಗುತ್ತಿತ್ತು. ಸೋಮವಾರ ತೊಮಿಯೆ ಬಸ್ಸಿನ ಬಾಗಿಲಲ್ಲಿ ನಿಂತು, ನಾನು ಬರದೆ ಒಳಗೆ ಹೋಗುವುದಿಲ್ಲ ಎಂದು ಹಟ ಹಿಡಿದಳಂತೆ. ಚಾಲಕ ಅವಳನ್ನು ಎತ್ತಿ ಸೀಟಿನಲ್ಲಿ ಕೂರಿಸಿದ.

ನಮ್ಮ ಶಾಲೆಗೆ ಪುಸ್ತಕ ಬರುತ್ತಿದ್ದದ್ದು ಇಟ್ಟಿಗೆಯ ಶಾಲೆಯವರು ಓದಿ ಬಿಟ್ಟ ಮೇಲೆ. ಕೊನೆಯ ಹಾಳೆಗಳು ಹರಿದಿರುತ್ತಿದ್ದವು. ಕುರಿ ಕಳೆದುಕೊಂಡ ಹುಡುಗಿ ಬೆಟ್ಟ ಹತ್ತುವಲ್ಲಿಗೆ ಕಥೆ ಮುಗಿದುಹೋಗುತ್ತಿತ್ತು. ಸಂಜೆ ಮೆಣಸಿನಕಾಯಿ ಮಗುಚುತ್ತ ತೊಮಿಯೆ ಮುಂದಿನ ಕಥೆ ಹೇಳುತ್ತಿದ್ದಳು.

"ಕುರಿ ಸಿಕ್ತಾ?"

"ಸಿಕ್ತು. ಆದ್ರೆ ನಾನು ಹೇಳಬಾರದು, ನೀನೇ ಬಂದು ಓದಬೇಕು."

"ಬರೋಕೆ ಬಿಡಲ್ವಲ್ಲೇ."

"ಬಿಡೋ ಹಾಗೆ ಮಾಡೋಣ," ಎಂದಳು. ಅವಳ ಕಣ್ಣು ಸಣ್ಣಗಾಯಿತೆಂದರೆ ಏನೋ ಹೂಡಿದ್ದಾಳೆಂದು ಅರ್ಥ.

ಮರುವರ್ಷ ವಸಂತದಲ್ಲಿ ಅವಳು ಅಜ್ಜಿಯ ಹತ್ತಿರ ನನ್ನನ್ನು ಕೂರಿಸಿ, "ಇವಳಿಗೂ ನನ್ನ ಹಾಗೇ ಕೂದಲು ಕತ್ತರಿಸು ಅಜ್ಜಿ" ಎಂದಳು. ಅಜ್ಜಿ ಪ್ರೀತಿಯಿಂದ ನನ್ನ ಹಣೆಯ ಮೇಲೆ ಹುಬ್ಬಿನವರೆಗೆ ನೇರವಾಗಿ ಕೂದಲು ಕತ್ತರಿಸಿದಳು. ಬೆಳಿಗ್ಗೆ ತೊಮಿಯೆಯ ನೀಲಿ ಅಂಗಿ ತೊಟ್ಟು, ಹೊಲದ ದಾರಿಯಲ್ಲಿ ಅವಳ ಹಿಂದೆ ಹಿಂದೆ ನಡೆದು ಶಾಲೆ ಸೇರಿದೆ. ಟೀಚರ್ ಹೆಸರು ಮಿಸೆಸ್ ಹಾಲ್ಬ್ರುಕ್. ನಮ್ಮಿಬ್ಬರನ್ನೂ ನೋಡಿ, "ಇದು ಯಾರು ತೊಮಿಯೆ?" ಎಂದರು.

"ಕುಕಾ," ಎಂದಳು ತೊಮಿಯೆ. ಸುಳ್ಳೇನೂ ಹೇಳಲಿಲ್ಲ.

"ಎಷ್ಟು ಚೆನ್ನಾಗಿದೆ ಜಪಾನಿ ಹೆಸರು," ಎಂದು ಟೀಚರ್ ಬೋರ್ಡಿನ ಮೇಲೆ ಕುಕಾ ಇವಾಶಿತ ಎಂದು ಬರೆದರು. ನನ್ನನ್ನು ತೊಮಿಯೆಯ ಪಕ್ಕದಲ್ಲಿ ಕೂರಿಸಿದರು.

ಆ ಬೆಂಚಿನ ಮೇಲೆ ಬೆಳಗಿನ ಹೊತ್ತೆಲ್ಲ ಕೂತಿದ್ದೆ. ಕಿಟಕಿಯ ಗಾಜು ಒಡೆದಿರಲಿಲ್ಲ. ಮೇಜಿನ ಮೇಲೆ ಶಾಯಿ ಬಟ್ಟಲಿತ್ತು. ನನ್ನ ಮೊಣಕೈ ತೊಮಿಯೆಯ ಮೊಣಕೈಗೆ ತಗುಲುತ್ತಿತ್ತು, ಅವಳು ತೆಗೆಯುತ್ತಿರಲಿಲ್ಲ. ಮಧ್ಯಾಹ್ನ ಊಟದ ಮುಂಚೆ ಎಲ್ಲರೂ ಪ್ರಾರ್ಥನೆಗೆ ತಲೆ ಬಗ್ಗಿಸಿದರು. ನಾನು ಮನೆಯಲ್ಲಿ ಮಾಡುವ ಹಾಗೆ ಹಣೆ, ಎದೆ, ಎರಡು ಭುಜ ಮುಟ್ಟಿ, ಕೊನೆಗೆ ಹೆಬ್ಬೆರಳನ್ನು ತೋರುಬೆರಳಿನ ಮೇಲೆ ಅಡ್ಡವಿಟ್ಟು ಮುತ್ತಿಟ್ಟೆ. ಹಿಂದಿನ ಸಾಲಿನಿಂದ ಒಬ್ಬ ಹುಡುಗ ಕೂಗಿದ: "ಟೀಚರ್, ಇವಳು ಜಪಾನಿಯಲ್ಲ! ನಮ್ಮ ತೋಟದಲ್ಲಿ ಕಾಯಿ ಕೀಳೋರು ಹೀಗೇ ಬೆರಳಿಗೆ ಮುತ್ತು ಕೊಡೋದು!"

ಮಿಸೆಸ್ ಹಾಲ್ಬ್ರುಕ್ ಬಯ್ಯಲಿಲ್ಲ. ಕೈ ಹಿಡಿದು ಗೇಟಿನವರೆಗೆ ಕರೆತಂದು, "ನಿನ್ನ ಶಾಲೆ ಆ ಕಡೆ ಮಗು," ಎಂದು ರೈಲು ಹಳಿಯ ಕಡೆಗೆ ತೋರಿಸಿದರು. ತೊಮಿಯೆ ಹಿಂದೆಯೇ ಓಡಿಬಂದು ಗೇಟಿನ ಕಂಬಿ ಹಿಡಿದುಕೊಂಡಳು. "ಅವಳು ಹೋದ್ರೆ ನಾನೂ ಹೋಗ್ತೀನಿ!" ಎಂದಳು. ಅವಳ ಬೆರಳನ್ನು ಒಂದೊಂದಾಗಿ ಬಿಡಿಸಿ ಒಳಗೆ ಕರೆದುಕೊಂಡು ಹೋದರು. ಸಂಜೆ ಅವಳ ಅಮ್ಮ ನನ್ನಿಂದ ನೀಲಿ ಅಂಗಿ ಬಿಚ್ಚಿಸಿದಳು. ನನ್ನ ಅಮ್ಮ ಕೂದಲು ನೋಡಿ, "ಒಳ್ಳೆ ಪೊರಕೆ ಹಾಗಿದೀಯಲ್ಲೇ, ಹೋಗು ಅಂಗಳ ಗುಡಿಸು," ಎಂದಳು.

ಈ ದೇಶಕ್ಕೂ ಜಪಾನಿಗೂ ಯುದ್ಧ ಬಂತು. ಡಿಸೆಂಬರಿನ ಒಂದು ಮಧ್ಯಾಹ್ನ ಟೋಪಿ ಹಾಕಿದ ಇಬ್ಬರು ಸರ್ಕಾರಿ ಜನ ಬಂದು, ಒಣಗಿಸುವ ಮನೆಯಿಂದಲೇ ತೊಮಿಯೆಯ ಅಪ್ಪನನ್ನು ಕಾರಿನಲ್ಲಿ ಕೂರಿಸಿಕೊಂಡು ಹೋದರು. ಕೈಗಂಟಿದ ಮೆಣಸಿನಕಾಯಿ ಖಾರ ತೊಳೆದುಕೊಳ್ಳಲೂ ಬಿಡಲಿಲ್ಲ. ದಾರಿಯುದ್ದಕ್ಕೂ ಅವರು ಕಣ್ಣು ಒರೆಸಿಕೊಂಡದ್ದು ಆ ಖಾರದ ಕೈಯಿಂದ ಎಂದು ಅಜ್ಜಿ ಬಹಳ ದಿನ ಹೇಳಿಕೊಂಡು ಕೊರಗಿದಳು. ಬೇಸಿಗೆಗೆ ಮುಂಚೆ ಉಳಿದ ಜಪಾನಿಯರೆಲ್ಲರೂ ಕೈಯಲ್ಲಿ ಹಿಡಿಯುವಷ್ಟೇ ಸಾಮಾನು ತೆಗೆದುಕೊಂಡು ಹೊರಡಬೇಕೆಂದು ಕಂಬ ಕಂಬಕ್ಕೂ ಕಾಗದ ಅಂಟಿಸಿದರು.

ರೈಲು ನಿಲ್ದಾಣಕ್ಕೆ ನಾವೂ ಹೋಗಿದ್ದೆವು. ತೊಮಿಯೆ ಚಳಿಗಾಲದ ಕೋಟು ತೊಟ್ಟು, ಕೊರಳಿಗೆ ನಂಬರಿನ ಚೀಟಿ ಕಟ್ಟಿಸಿಕೊಂಡು ಬೆವರುತ್ತ ನಿಂತಿದ್ದಳು. ಚೀಲದಲ್ಲಿ ಹಿಡಿಸದ ಬಟ್ಟೆಯನ್ನೆಲ್ಲ ಮೈಮೇಲೆ ಹಾಕಿಕೊಂಡಿದ್ದಳು.

"ಗುಂಡಮ್ಮ ಆಗಿದೀಯ," ಎಂದೆ.

"ನೀನು ಹಾಗೇ ಒಣಕಲು. ಕೇಳಿಲ್ಲಿ, ಅಲ್ಲೂ ಶಾಲೆ ಇರುತ್ತಂತೆ. ನಿನಗೆ ಜಾಗ ಹಿಡಿದಿಟ್ಟಿರ್ತೀನಿ."

"ಅಲ್ಲಿ ಮೆಕ್ಸಿಕನ್ನರನ್ನ ಸೇರಿಸ್ತಾರಾ?"

ಅವಳು ಅಮ್ಮನ ಕಡೆ ನೋಡಿದಳು. ಅಮ್ಮ ಬಂದೂಕು ಹಿಡಿದ ಸೈನಿಕನ ಕಡೆ ನೋಡುತ್ತಿದ್ದಳು. "ಕೇಳ್ತೀನಿ," ಎಂದಳು ತೊಮಿಯೆ.

ಮರುವರ್ಷ ಬೇಸಿಗೆಯಲ್ಲಿ ಕರಬೂಜ ಕೊಯ್ಯಲು ನಾವು ನದಿಯಾಚೆ ಅರಿಝೋನಾಕ್ಕೆ ಹೋದೆವು. ತೊಮಿಯೆಯವರನ್ನು ಕೂಡಿಹಾಕಿದ್ದ ಜಾಗ ಅಲ್ಲಿಂದ ಅರ್ಧ ದಿನದ ದಾರಿ. ಒಂದು ಭಾನುವಾರ ಅಪ್ಪ ಗೆಳೆಯನ ಲಾರಿಯಲ್ಲಿ ನನ್ನನ್ನು ಕರೆದುಕೊಂಡು ಹೋದರು. ಕಣ್ಣು ಹಾಯುವವರೆಗೆ ಬಿಳಿ ಮರಳು, ಅದರ ಮೇಲೆ ಕಪ್ಪು ಟಾರು ಕಾಗದ ಹೊದಿಸಿದ ಉದ್ದುದ್ದ ಮನೆಗಳು, ಸುತ್ತ ತಂತಿ. ಗೇಟಿನ ಪಕ್ಕದ ಗುಡಿಸಲಿನಲ್ಲಿ ಕಾಯಲು ಹೇಳಿದರು. ತೊಮಿಯೆ ಬಂದಳು. ನನಗಿಂತ ತಲೆ ಎತ್ತರ ಬೆಳೆದಿದ್ದಳು, ಕಪ್ಪಾಗಿದ್ದಳು. ಅಪ್ಪ ತಂದಿದ್ದ ಒಣಮೆಣಸಿನಕಾಯಿ ಸರವನ್ನು ಅವಳ ಅಮ್ಮ ಮೂಗಿಗೆ ಹಿಡಿದು, ಆ ಕಡೆ ಮುಖ ತಿರುಗಿಸಿದಳು. ಅಜ್ಜಿ ಹಿಂದಿನ ಚಳಿಗಾಲ ಅಲ್ಲಿಯೇ ತೀರಿಕೊಂಡಿದ್ದಳು. ತೊಮಿಯೆಯ ಅಪ್ಪ ಇನ್ನೂ ಬೇರೆಲ್ಲೋ ಜೈಲಿನಲ್ಲಿದ್ದರು.

ನಾನು ಕೇಳಿದೆ, "ಪುಸ್ತಕದ ಆ ಕುರುಡು ಕುದುರೆ ಕಥೇಲಿ ಕೊನೆಗೆ ಏನಾಯ್ತು? ಹಾಳೆ ಹರಿದಿದೆ."

"ಮನೆಗೆ ಬರುತ್ತೆ. ದಾರಿ ವಾಸನೆ ಹಿಡ್ಕೊಂಡು." ತಕ್ಷಣ ನನ್ನ ಕೈ ಹಿಡಿದುಕೊಂಡಳು. "ಕುಕಾ, ಇಲ್ಲಿ ಶಾಲೆ ಇದೆ ಕಣೇ! ಬಡಗಿಗಳು ನಮ್ಮವರೇ, ಬೆಂಚು ಅವರೇ ಮಾಡಿದ್ದು. ನನ್ನ ಪಕ್ಕ ಯಾರನ್ನೂ ಕೂರಿಸಿಲ್ಲ. ಟೀಚರನ್ನ ಕೇಳ್ದೆ, ಮೆಕ್ಸಿಕನ್ ಹುಡುಗಿ ಬಂದ್ರೆ ಓಡಿಸ್ತೀರಾ ಅಂತ. ಅವರಿಗೆ ಏನು ಹೇಳಬೇಕೋ ಗೊತ್ತಾಗಲಿಲ್ಲ. ಬೇಡ ಅನ್ನಲಿಲ್ಲ, ನೋಡು. ಇಲ್ಲಿ ಹೊರಗೆ ಹೋಗೋದಕ್ಕೆ ಬಿಡಲ್ಲ ಅಷ್ಟೇ. ಒಳಗೆ ಬರಬಾರದು ಅಂತ ಎಲ್ಲೂ ಬರೆದಿಲ್ಲ!"

ನನಗೆ ಅದು ಬಹಳ ಸರಿಯಾದ ಮಾತು ಅನ್ನಿಸಿತು. ಬಾಗಿಲಲ್ಲಿದ್ದ ಸೈನಿಕ ಎಳೆ ಹುಡುಗ, ಮೂಗೆಲ್ಲ ಬಿಸಿಲಿಗೆ ಸುಲಿದಿತ್ತು. ನಾವಿಬ್ಬರೂ ಹೋಗಿ ಅವನ ಮುಂದೆ ನಿಂತೆವು.

"ಇವಳು ಒಳಗೆ ಬಂದು ನಮ್ಮ ಜೊತೆ ಇರಬಹುದಾ?" ಎಂದಳು ತೊಮಿಯೆ.

ಅವನು ಅವಳನ್ನು ನೋಡಿದ, ನನ್ನನ್ನು ನೋಡಿದ. "ಒಳಗಾ? ಯಾಕೆ?"

"ಶಾಲೆಗೆ."

"ಒಳಗೆ ಬಿಡಿ ಅಂತ ಇದುವರೆಗೂ ಯಾರೂ ನನ್ನ ಕೇಳಿಲ್ಲ," ಎಂದು ನಕ್ಕ. ಆಮೇಲೆ ನಗು ನಿಲ್ಲಿಸಿ, "ನಿಮ್ಮಪ್ಪನ್ನ ಕೇಳಿ," ಎಂದ.

ನಾನು ಹೋಗಿ ಅಪ್ಪನನ್ನು ಕೇಳಿದೆ. ಕಟ್ಟಿಕೊಂಡು ಬಂದಿದ್ದ ಬಟ್ಟೆ ಸದ್ಯಕ್ಕೆ ಸಾಕಾಗುತ್ತದೆ ಎಂದೂ ಹೇಳಿದೆ. ಅಪ್ಪ ಜೋರಾಗಿ ನಗಲು ಶುರುಮಾಡಿ ಅರ್ಧಕ್ಕೇ ನಿಲ್ಲಿಸಿದರು. ನನ್ನನ್ನು ಮೊಣಕಾಲ ಮೇಲೆ ಕೂರಿಸಿಕೊಂಡರು. ಹನ್ನೊಂದು ವರ್ಷದವಳು, ನಾಚಿಕೆಯಾಯಿತು.

"ನೋಡು ಮಗಳೇ. ಅವಳು ಇಲ್ಲಿ ಒಳಗಿರೋದು ಅವರಪ್ಪ ಜಪಾನಿಯಾಗಿ ಹುಟ್ಟಿದ್ದಕ್ಕೆ. ನೀನು ಆ ಇಟ್ಟಿಗೆ ಶಾಲೆಯಿಂದ ಹೊರಗಿರೋದು ನಿಮ್ಮಪ್ಪ ಮೆಕ್ಸಿಕೋದಲ್ಲಿ ಹುಟ್ಟಿದ್ದಕ್ಕೆ. ಈ ದೇಶದೋರು ಬಲು ಅಚ್ಚುಕಟ್ಟು. ಅಕ್ಕಿ ಒಂದು ಡಬ್ಬಿ, ಹುರುಳಿ ಒಂದು ಡಬ್ಬಿ. ಯಾರಾದ್ರೂ ಬೆರೆಸಿದ್ರೆ ಅಡುಗೆ ಕೆಟ್ಟೋಗುತ್ತೆ ಅನ್ಕೊಂಡಿದ್ದಾರೆ."

"ಅಕ್ಕಿ ಹುರುಳಿ ಬೆರೆಸಿ ತಾನೇ ನಾವು ದಿನಾ ತಿನ್ನೋದು," ಎಂದಳು ತೊಮಿಯೆ ನಮ್ಮ ಸ್ಪ್ಯಾನಿಷಿನಲ್ಲಿ. ಲಾರಿ ಹೊರಟಾಗ ತೊಮಿಯೆ ತಂತಿಯ ಒಳಗಿನಿಂದ ಲಾರಿಯ ಸಮಕ್ಕೆ ಓಡಿಬಂದು, "ಜಾಗ ಹಾಗೇ ಇಟ್ಟಿರ್ತೀನಿ!" ಎಂದು ಕೂಗಿದಳು. ಮರಳು ಎದ್ದು ಅವಳು ಕಾಣದಾದಳು.

ಯುದ್ಧ ಮುಗಿದ ಮೇಲೆ ಅವರು ತಿರುಗಿ ಬಂದಾಗ ಹೊಲ ಬೇರೆಯವರ ಗುತ್ತಿಗೆಗೆ ಹೋಗಿತ್ತು. ಮೊದಲ ಚಳಿಗಾಲ ನಮ್ಮ ಹಿತ್ತಿಲ ಕೊಟ್ಟಿಗೆಯಲ್ಲಿ ಇದ್ದರು. ಅಮ್ಮ ನಮ್ಮ ಕಂಬಳಿಗಳಲ್ಲಿ ಅರ್ಧ ಅವರಿಗೆ ಕೊಟ್ಟು, "ಎಲ್ಲರೂ ಒಂದೇ ಹಾಸಿಗೇಲಿ ಮಲಗಿ, ಕಾಲು ಬೆಚ್ಚಗಿರುತ್ತೆ," ಎಂದಳು. ತೊಮಿಯೆಯ ಅಪ್ಪ ಬಿಡುಗಡೆಯಾಗಿ ಬಂದಿದ್ದರು. ಬಾಗಿಲಿಗೆ ಬೆನ್ನು ಮಾಡಿ ಕೂರುತ್ತಲೇ ಇರಲಿಲ್ಲ.

ತೊಮಿಯೆಗೆ ಹದಿಮೂರು ವರ್ಷ. ಇಟ್ಟಿಗೆಯ ಶಾಲೆಯವರು ಜಪಾನಿ ಮಕ್ಕಳು ಹಿಂದಿನ ಹಾಗೆ ಬರಬಹುದು ಎಂದರು. ಅವಳು ಹೋಗಲಿಲ್ಲ. ಬೆಳಿಗ್ಗೆ ನನ್ನ ಜೊತೆ ರೈಲು ಹಳಿ ದಾಟಿ ನಮ್ಮ ಮರದ ಶಾಲೆಗೆ ಬಂದು, ನನ್ನ ಪಕ್ಕದಲ್ಲಿದ್ದ ಹುಡುಗಿಯನ್ನು "ಸ್ವಲ್ಪ ಆಚೆ ಹೋಗಮ್ಮ" ಎಂದು ಸರಿಸಿ ಕೂತುಬಿಟ್ಟಳು.

ಟೀಚರ್ ಬಂದರು. "ನಿನ್ನ ಹೆಸರೇನು?"

"ತೊಮಾಸಾ ಬರ್ರಗಾನ್," ಎಂದಳು ಮುಖ ಬಿಗಿದುಕೊಂಡು. ಇಡೀ ತರಗತಿ ಕೊಳ್ಳೆಂದು ನಕ್ಕಿತು. ನಾನೂ ತಡೆಯಲಾರದೆ ನಕ್ಕೆ. ಅವಳು ಮೇಜಿನ ಕೆಳಗೆ ನನ್ನ ಕಾಲನ್ನು ಒದ್ದಳು.

"ಇದು ಮೆಕ್ಸಿಕನ್ ಮಕ್ಕಳ ಶಾಲೆ," ಎಂದರು ಟೀಚರ್. "ನೀನು ಒಳ್ಳೇ ಶಾಲೆಗೆ ಹೋಗಬಹುದು. ಇಲ್ಲಿ ಯಾಕೆ ಬಂದೆ?"

"ಅದು ಒಳ್ಳೇದು, ಇದು ಕೆಟ್ಟದು ಅಂತ ನಿಮಗೂ ಗೊತ್ತಾ ಹಾಗಾದ್ರೆ?" ಎಂದಳು ತೊಮಿಯೆ.

ಅವಳ ಅಮ್ಮನಿಗೆ ಹೇಳಿಕಳಿಸಿದರು. ಅಮ್ಮ ಬಾಗಿಲಲ್ಲಿ ನಿಂತೇ ಎಲ್ಲರಿಗೂ ತಲೆ ಬಗ್ಗಿಸಿ ಕ್ಷಮೆ ಕೇಳಿದಳು. ಮಗಳ ಕಿವಿಯ ಹತ್ತಿರ, "ಹೇಳಿದ ಕಡೆ ಕೂತ್ಕೋ ಮಗಳೇ. ಮತ್ತೆ ಕಳಿಸಿಬಿಟ್ರೆ ನಿಮ್ಮಪ್ಪ ಉಳಿಯಲ್ಲ," ಎಂದಳು. ಅದುವರೆಗೆ ಯಾರಿಗೂ ಬಗ್ಗದ ತೊಮಿಯೆ ಎದ್ದು ಹೋದಳು. ಅವಳು ಅತ್ತದ್ದನ್ನು ನಾನು ಕಂಡದ್ದು ಆವತ್ತು ಮಾತ್ರ.

ಆ ವರ್ಷವೇ ನನ್ನ ಅಪ್ಪ ಏಣಿಯಿಂದ ಬಿದ್ದು ಬೆನ್ನು ಮುರಿದುಕೊಂಡರು. ನಾನು ಶಾಲೆ ಬಿಟ್ಟು ನಿಂಬೆಹಣ್ಣು ತುಂಬುವ ಶೆಡ್ಡಿನಲ್ಲಿ ಕೆಲಸಕ್ಕೆ ಸೇರಿದೆ. ಕಲಿತದ್ದೂ ಮರೆತು, ಓದು ಎಂದರೆ ಪೆಟ್ಟಿಗೆಯ ಮೇಲಿನ ಹೆಸರು, ಬಸ್ಸಿನ ಬೋರ್ಡು, ಅಷ್ಟಕ್ಕೆ ನಿಂತಿತು. ಮುಂದೆ ಪಕ್ಕದ ಊರುಗಳ ಕೆಲವು ಅಪ್ಪಂದಿರು ಕೋರ್ಟಿಗೆ ಹೋಗಿ, ನಮ್ಮ ಮಕ್ಕಳನ್ನು ಬೇರೆ ಶಾಲೆಯಲ್ಲಿ ಕೂರಿಸಬಾರದು ಎಂದು ಗೆದ್ದರು. ಆ ದಿನ ತೊಮಿಯೆ ಊರ ಹೈಸ್ಕೂಲಿನಿಂದ ಶೆಡ್ಡಿನವರೆಗೆ ಓಡಿಬಂದಳು. ಉಸಿರು ಸಿಗುತ್ತಿರಲಿಲ್ಲ. ನಾನು ಪಟ್ಟಿಯ ಮೇಲೆ ಉರುಳಿಬರುತ್ತಿದ್ದ ಹಣ್ಣುಗಳಲ್ಲಿ ಕಲೆಯಾದದ್ದನ್ನು ಆರಿಸುತ್ತಿದ್ದೆ.

"ಬಾಗಿಲು ತೆಗೆದ್ರು ಕಣೇ ಕುಕಾ! ಬಾ, ಏಪ್ರನ್ ಬಿಚ್ಚು!"

"ನನ್ನ ತಮ್ಮಂದಿರು ಹೋಗ್ಲಿ ಬಿಡೇ. ನಾನು ಹೋದ್ರೆ ಮನೇಲಿ ಒಲೆ ಹಚ್ಚೋದು ಹೇಗೆ?"

"ಒಂದು ದಿನ ಬಾ. ಒಂದೇ ದಿನ."

ಮೇಸ್ತ್ರಿ ನಮ್ಮನ್ನೇ ನೋಡುತ್ತಿದ್ದ. ನಾನು ಹಣ್ಣು ಆರಿಸುತ್ತಲೇ ಇದ್ದೆ. ತೊಮಿಯೆ, ನಾನು ಬಿಟ್ಟ ಒಂದೆರಡು ಕಲೆ ಹಣ್ಣುಗಳನ್ನು ತಾನೇ ತೆಗೆದು ಬುಟ್ಟಿಗೆ ಹಾಕಿ ಹೋದಳು.

ಆಮೇಲೆ ಬದುಕು ಎಲ್ಲರದೂ ನಡೆಯುವ ಹಾಗೆ ನಡೆಯಿತು. ತೊಮಿಯೆ ಹೈಸ್ಕೂಲು ಮುಗಿಸಿ, ಮಿನೋರು ಎಂಬ ತೋಟಗಾರನನ್ನು ಮದುವೆಯಾಗಿ, ಅವನೊಂದಿಗೆ ಹೂವಿನ ಸಸಿಗಳ ನರ್ಸರಿ ನಡೆಸಿದಳು. ನಾನು ಲಾರಿ ಓಡಿಸುತ್ತಿದ್ದ ಇಲಾರಿಯೊನನ್ನು ಮದುವೆಯಾದೆ. ಶೆಡ್ಡು ಮುಚ್ಚಿದ ಮೇಲೆ ಅವಳ ನರ್ಸರಿಯಲ್ಲೇ ಸಸಿ ನೆಡುವ ಕೆಲಸಕ್ಕೆ ಹೋದೆ. ಅವಳು ಯಜಮಾನಿ ಎಂಬುದನ್ನು ಇಬ್ಬರೂ ನೆನಪಿಟ್ಟುಕೊಳ್ಳಲಿಲ್ಲ. ಚೆಂಡುಮಲ್ಲಿಗೆಯ ಬುಡಕ್ಕೆ ಮಣ್ಣು ಒತ್ತುವಾಗ ಅವಳದು ಬೆರಳ ತುದಿ, ನನ್ನದು ಹೆಬ್ಬೆರಳು. "ಮೃದುವಾಗಿ ಒತ್ತೇ, ಗಿಡ ಅದು, ರೊಟ್ಟಿಯಲ್ಲ," ಎಂದು ಅವಳು ರೇಗಿಸಿದರೆ, "ನಿನ್ನ ಹಾಗೆ ಒತ್ತಿದ್ರೆ ಗಾಳಿಗೇ ಬಿದ್ದೋಗುತ್ತೆ," ಎನ್ನುತ್ತಿದ್ದೆ. ಮಿನೋರು ಎರಡೂ ಸಾಲಿಗೆ ಒಂದೇ ಸಮ ನೀರು ಹಾಕುತ್ತಿದ್ದ.

ಶಾಲೆಯ ಮಾತು ಹಳೆಯದಾದರೂ ಅವಳು ಬಿಡಲಿಲ್ಲ. ವರ್ಷಕ್ಕೊಮ್ಮೆ, ಶಾಲೆಗಳು ತೆರೆಯುವ ಸೆಪ್ಟೆಂಬರಿನಲ್ಲಿ, "ಈ ವರ್ಷ ಕೂರೋಣ್ವಾ?" ಎನ್ನುತ್ತಿದ್ದಳು. "ಮೊಮ್ಮಕ್ಕಳ ಜೊತೇಲಿ ಒಂದನೇ ಕ್ಲಾಸಿಗಾ?" ಎಂದರೆ, "ಬಿಟ್ರೆ ಅಲ್ಲಿಗೇ," ಎನ್ನುತ್ತಿದ್ದಳು. ಇಲಾರಿಯೊ ಕೈಮುಗಿದು, "ದೇವರೇ, ಇವರಿಬ್ಬರಿಗೂ ಸ್ವರ್ಗದಲ್ಲಾದ್ರೂ ಒಂದು ಬೆಂಚು ಹಾಕಿಸಪ್ಪ. ನನ್ನನ್ನ ಬೇರೆ ಕೋಣೇಲಿಡು," ಎನ್ನುತ್ತಿದ್ದ.

ಅವನೇ ಮೊದಲು ಹೋದ. ಅವನು ಹೋದ ಮೇಲೆ ಮನೆಗೆ ಬರುವ ಕಾಗದಗಳನ್ನು ಓದುವವರಿಲ್ಲದಾಯಿತು. ಔಷಧಿ ಬಾಟಲಿಯ ಮೇಲಿನದನ್ನು ತೊಮಿಯೆಯೇ ಬಂದು ಓದಿ ಹೇಳುತ್ತಿದ್ದಳು. ಒಂದು ದಿನ ಅವಳು, ಇಟ್ಟಿಗೆಯ ಶಾಲೆಯ ಕಟ್ಟಡದಲ್ಲಿ ಓದು ಬಾರದ ದೊಡ್ಡವರಿಗೆ ಸಂಜೆ ತರಗತಿ ಶುರುವಾಗಿದೆ, ನಿನ್ನ ಹೆಸರು ಕೊಟ್ಟು ಬಂದಿದ್ದೇನೆ ಎಂದಳು. ಬಯ್ದುಕೊಂಡೇ ಹೋದೆ. ಬಾಗಿಲು ತೆಗೆದರೆ, ಮೂರನೇ ಸಾಲಿನ ಬೆಂಚಿನ ಮೇಲೆ ತೊಮಿಯೆ ಕೂತಿದ್ದಾಳೆ! ಮುಂದೆ ಹೊಸ ಪೆನ್ಸಿಲ್. ಮುಖದಲ್ಲಿ ಏನೂ ಅರಿಯದ ಪೆದ್ದುತನ. ನನ್ನನ್ನು ಎಂದೂ ನೋಡಿಯೇ ಇಲ್ಲವೆಂಬಂತೆ, "ಇಲ್ಲಿ ಜಾಗ ಖಾಲಿ ಇದೆ, ಕೂತ್ಕೊಳ್ಳಿ," ಎಂದಳು.

"ನಿನಗೆ ಓದು ಬರಲ್ವೇನೇ?" ಎಂದೆ ಪಿಸುಮಾತಿನಲ್ಲಿ.

"ಒಂದಕ್ಷರ ಬರಲ್ಲ. ಸುಮ್ನಿರು."

ಟೀಚರ್ ಓರ್ನೆಲಾಸ್ ಎಂಬ ಹುಡುಗಿ, ನಮ್ಮ ಮಕ್ಕಳಿಗಿಂತ ಚಿಕ್ಕವಳು. ಶುರುವಿನಲ್ಲಿ ಹಾಜರಿ ಕೂಗುತ್ತಿದ್ದಳು. "ತೊಮಿಯೆ" ಎಂದಾಗ ತೊಮಿಯೆ ಬೆನ್ನು ನೆಟ್ಟಗೆ ಮಾಡಿ, "ಇದ್ದೀನಿ!" ಎನ್ನುತ್ತಿದ್ದಳು. ಅಷ್ಟು ಗಟ್ಟಿಯಾಗಿ ಬೇರೆ ಯಾರೂ ಹೇಳುತ್ತಿರಲಿಲ್ಲ. ಅಕ್ಷರ ಅಂಕುಡೊಂಕಾಗಲಿ ಎಂದು ಎಡಗೈಯಲ್ಲಿ ಬರೆಯುತ್ತಿದ್ದಳು. ಓದಲು ಹೇಳಿದರೆ ನನಗೆ ತಡೆಯುವ ಪದದಲ್ಲೇ ತಾನೂ ತಡೆಯುತ್ತಿದ್ದಳು. ನಾನು ದಾಟಿದರೆ ಅವಳೂ ದಾಟುತ್ತಿದ್ದಳು. "ನೀವಿಬ್ಬರೂ ಒಂದೇ ಸಮ ಕಲೀತಿದ್ದೀರಿ," ಎಂದು ಟೀಚರ್ ಮೆಚ್ಚಿಕೊಂಡಳು. ನಮ್ಮ ಹಿಂದೆ ಕೂರುತ್ತಿದ್ದ ವಿಯೆಟ್ನಾಮಿನ ಕ್ಷೌರಿಕ ಮಾತ್ರ ಎಲ್ಲ ತಿಳಿದವನ ಹಾಗೆ ನಗುತ್ತಿದ್ದ.

ಒಂದು ಸಂಜೆ ಟೀಚರ್ ಬೋರ್ಡಿನ ಮೇಲೆ ಒಂದು ಪದ ತಪ್ಪಾಗಿ ಬರೆದಳು. ತೊಮಿಯೆ ಯೋಚಿಸದೆ, "ಎರಡು ಎಸ್ ಬರಬೇಕಮ್ಮ," ಎಂದುಬಿಟ್ಟಳು. ಎಲ್ಲರೂ ತಿರುಗಿದರು.

ತರಗತಿ ಮುಗಿದ ಮೇಲೆ ಟೀಚರ್ ಬಂದು ನಮ್ಮ ಮುಂದೆ ನಿಂತಳು. ಪಾಪ, ಬಯ್ಯಲೂ ಅವಳಿಗೆ ಸಂಕೋಚ. "ಅಜ್ಜಿ, ಇದು ಓದು ಬರದವರ ತರಗತಿ. ನೀವು ಇಲ್ಲಿ ಕೂರೋ ಹಾಗಿಲ್ಲ. ಬೇಕಿರೋರು ಹೊರಗೆ ಕಾಯ್ತಿದ್ದಾರೆ."

ತೊಮಿಯೆ ಮೇಜಿನ ಮೇಲೆ ಎರಡೂ ಕೈ ಇಟ್ಟುಕೊಂಡಳು. "ಕಾಯೋರಿಗೆ ನನ್ನ ಕುರ್ಚಿ ಕೊಡಿ. ಆದ್ರೆ ನನ್ನನ್ನ ಕಳಿಸಬೇಡಿ. ಇದೇ ಕಟ್ಟಡದಿಂದ ಇವಳನ್ನ ಹೊರಗೆ ಕಳಿಸಿದ್ರು, ಇವಳು ಮೆಕ್ಸಿಕನ್ ಅಂತ. ಇವಳ ಶಾಲೆಯಿಂದ ನನ್ನ ಕಳಿಸಿದ್ರು, ನಾನು ಅಲ್ಲ ಅಂತ. ಈಗ ನನಗೆ ಓದು ಬರುತ್ತೆ ಅಂತ ಕಳಿಸ್ತೀರಾ? ಯಾವುದಾದ್ರೂ ಒಂದು ಕಡೆ ನಾವಿಬ್ಬರೂ ಸರಿ ಹೋಗಬೇಕಲ್ಲಮ್ಮ."

ಕ್ಷೌರಿಕ ತನ್ನ ಬೆಂಚಿನ ತುದಿಗೆ ಸರಿದು, "ಹೊರಗಿರೋರು ಇಲ್ಲಿ ಕೂರಲಿ, ನಾನು ಸಣ್ಣಗಿದ್ದೀನಿ," ಎಂದ. ಮೆಕ್ಸಿಕೋದ ಮಿಚೋಆಕಾನಿನಿಂದ ಬಂದ ಅಡುಗೆಯವಳೂ ಸರಿದಳು. ಎಲ್ಲ ಬೆಂಚುಗಳಲ್ಲೂ ಒಬ್ಬರಿಗಾಗುವಷ್ಟು ಜಾಗವಾಯಿತು. ಮರುದಿನ ಹಾಜರಿಯಲ್ಲಿ ತೊಮಿಯೆಯ ಹೆಸರು ಹಾಗೆಯೇ ಇತ್ತು. ಆದರೆ ಇನ್ನು ಬಲಗೈಯಲ್ಲೇ ಬರೆಯಬೇಕು ಎಂದು ಟೀಚರ್ ಕರಾರು ಹಾಕಿದಳು.

ಆ ಚಳಿಗಾಲವೂ ವಸಂತವೂ ನಾವು ಒಂದೇ ಬೆಂಚಿನಲ್ಲಿ ಕೂತೆವು. ಅವಳು ಹೇಳಿಕೊಡುತ್ತಿರಲಿಲ್ಲ. ನಾನು ತಪ್ಪು ಓದಿದರೆ ಮೊಣಕೈಯಿಂದ ತಿವಿಯುತ್ತಿದ್ದಳು, ಅಷ್ಟೇ. ನಾನು ಮೊದಲ ಸಲ ಒಂದು ಪುಟವನ್ನು ಯಾರೂ ತಿವಿಯದೆ ಮುಗಿಸಿದ ದಿನ ತಿರುಗಿ ನೋಡಿದರೆ, ಅವಳು ಪಾಠ ಕೇಳದ ಹುಡುಗಿಯ ಹಾಗೆ ಕಿಟಕಿಯಾಚೆ ನೋಡುತ್ತಿದ್ದಳು. ಬಹಳ ಸುಖವಾಗಿದ್ದಳು.

ಮೇ ತಿಂಗಳಲ್ಲಿ ಅವಳಿಗೆ ಹೊಟ್ಟೆನೋವು ಹೆಚ್ಚಾಯಿತು. ಡಾಕ್ಟರು ನೋಡುವ ಹೊತ್ತಿಗೆ ಮಾಡಲು ಏನೂ ಉಳಿದಿರಲಿಲ್ಲ. ಆಸ್ಪತ್ರೆಯಲ್ಲಿ ನಾನು ಮಧ್ಯಾಹ್ನ ಹೋಗಿ, ತರಗತಿಗೆ ಹೊರಡುವವರೆಗೆ ಅವಳ ಮಂಚದ ಪಕ್ಕ ಕೂರುತ್ತಿದ್ದೆ. ಬೇಡ, ಇವತ್ತು ಹೋಗುವುದಿಲ್ಲ ಎಂದರೆ ಸಿಟ್ಟಾಗುತ್ತಿದ್ದಳು. "ಎರಡು ಜಾಗಾನೂ ಖಾಲಿ ಬಿಟ್ರೆ ಬೇರೆ ಯಾರೋ ಬಂದು ಕೂತ್ಕೋತಾರೆ ಕಣೇ, ಎದ್ದೇಳು!" ಎನ್ನುತ್ತಿದ್ದಳು. ಮಿನೋರು ಕಿಟಕಿಯ ಹತ್ತಿರ ನಿಂತು, "ಹೋಗಿ ಬನ್ನಿ ಕುಕಾ, ಇಲ್ದಿದ್ರೆ ನನಗೂ ಬಯ್ತಾಳೆ," ಎನ್ನುತ್ತಿದ್ದ.

ಆ ಕೊನೆಯ ದಿನವೂ ನಾನು ಎದ್ದೆ. ಪುಸ್ತಕ ಚೀಲಕ್ಕೆ ಹಾಕಿಕೊಂಡೆ. ಅವಳ ಕಣ್ಣು ಮುಚ್ಚಿತ್ತು, ಮಲಗಿದ್ದಾಳೆ ಎಂದುಕೊಂಡು ಮೆಲ್ಲಗೆ ಬಾಗಿಲ ಕಡೆ ನಡೆದೆ.

"ಕುಕಾ."

ತಿರುಗಿದೆ. ಕಣ್ಣು ತೆರೆಯದೆ ಕೇಳಿದಳು:

"ಹಾಜರೀಲಿ ನನ್ನ ಹೆಸರು ಕೂಗಿದ್ರೆ ಏನಂತ ಹೇಳ್ತೀಯೇ?"